ಮನೆಯಂಗಳದಲ್ಲಿ ಸ್ಪೋರ್ಟ್ಸ್ ಕಾರಿನ ಎಂಜಿನ್ ಆಯಿಲ್ ಬದಲಾವಣೆ: ಉಳಿತಾಯವೆಷ್ಟು, ಹೊಣೆಯೆಷ್ಟು?

ಯಂತ್ರವೊಂದನ್ನು ಇಟ್ಟುಕೊಂಡ ಪ್ರತಿಯೊಬ್ಬ ವ್ಯಾಪಾರಸ್ಥನ ಮುಂದೆಯೂ ಒಂದು ಪ್ರಶ್ನೆ ಮತ್ತೆ ಮತ್ತೆ ಬಂದು ನಿಲ್ಲುತ್ತದೆ. ಅದರ ನಿರ್ವಹಣೆಯನ್ನು ಹೊರಗಿನವರಿಗೆ ಹಣ ಕೊಟ್ಟು ಮಾಡಿಸುವುದು ಲೇಸೋ, ನಾವೇ ಮಾಡಿಕೊಳ್ಳುವುದು ಲೇಸೋ? ಕೂಲಿಯ ಮೊತ್ತವನ್ನಷ್ಟೇ ನೋಡಿ ಉತ್ತರ ಹೇಳುವುದು ಸುಲಭ. ಲೆಕ್ಕಪರಿಶೋಧಕನ ದೃಷ್ಟಿಗೆ ಆ ಉತ್ತರ ಅಪೂರ್ಣವಾದುದು. ಹೊರಗಿನವರಿಗೆ ಕೊಡುವ ಹಣದಲ್ಲಿ ದುಡಿಮೆಯ ಬೆಲೆಯೊಂದಿಗೆ ಹೊಣೆಯ ಬೆಲೆಯೂ ಸೇರಿರುತ್ತದೆ. ಕೆಲಸವನ್ನು ನಮ್ಮ ಕೈಗೆ ತೆಗೆದುಕೊಂಡೊಡನೆ ಹಣ ಉಳಿಯುತ್ತದೆ, ಹೊಣೆ ನಮ್ಮ ಹೆಗಲೇರುತ್ತದೆ. ಉಳಿದ ಹಣ ಹೆಚ್ಚೋ, ಏರಿದ ಹೊಣೆ ಹೆಚ್ಚೋ ಎಂಬುದನ್ನು ತೂಗಿ ನೋಡಿದ ಬಳಿಕವೇ ನಿರ್ಧಾರ ಮಾಡತಕ್ಕದ್ದು.

ಈ ತೂಕವನ್ನು ಅರಿಯಲು ಅಮೆರಿಕದಲ್ಲಿ ಸಾಮಾನ್ಯವಾಗಿರುವ ಒಂದು ಗೃಹಕೃತ್ಯವನ್ನು ಇಲ್ಲಿ ಪರಿಶೀಲಿಸೋಣ. ಅದೆಂದರೆ ಸ್ಪೋರ್ಟ್ಸ್ ಕಾರಿನ ಎಂಜಿನ್ ಆಯಿಲನ್ನು ಮಾಲೀಕನೇ ಮನೆಯಲ್ಲಿ ಬದಲಿಸುವುದು. ಅಲ್ಲಿ ಕೂಲಿ ದುಬಾರಿ, ಅನೇಕ ಮನೆಗಳಿಗೆ ಸ್ವಂತ ಗ್ಯಾರೇಜು ಉಂಟು, ಬಿಡಿಭಾಗಗಳ ಅಂಗಡಿಗಳು ಊರೂರುಗಳಲ್ಲಿವೆ. ಅಲ್ಲಿ ನೆಲೆಸಿರುವ ಮಗನೋ ಅಳಿಯನೋ ಭಾನುವಾರ ಬೆಳಿಗ್ಗೆ ಕಾರಿನ ಅಡಿ ಮಲಗಿ ನಟ್ಟು ತಿರುಗಿಸುವುದನ್ನು ಕಂಡು, ನೋಡಲು ಹೋದ ನಮ್ಮ ಹಿರಿಯರು ಬೆರಗಾಗುವುದುಂಟು. ಇದು ಬಡತನದ ಲಕ್ಷಣವೂ ಅಲ್ಲ, ಕೇವಲ ಹವ್ಯಾಸವೂ ಅಲ್ಲ. ಇದರ ಹಿಂದೆ ಒಂದು ಲೆಕ್ಕ, ಒಂದು ಕಾನೂನು ಮತ್ತು ಒಂದು ವ್ಯವಸ್ಥೆ ಇವೆ.

ಉದಾಹರಣೆಗೆ ಆರಿಸಿಕೊಂಡ ಕಾರು

ಜಪಾನಿನ ಹಿರೋಶಿಮಾ ಮೂಲದ ಮಾಜ್ದಾ ಸಂಸ್ಥೆಯ ಎಂಎಕ್ಸ್-5 ಕಾರನ್ನು ಅಮೆರಿಕದಲ್ಲಿ ಮಿಯಾಟಾ ಎಂದೇ ಕರೆಯುತ್ತಾರೆ. 1989ರ ಫೆಬ್ರವರಿಯಲ್ಲಿ ಷಿಕಾಗೋ ವಾಹನ ಪ್ರದರ್ಶನದಲ್ಲಿ ಇದು ಮೊದಲು ಕಾಣಿಸಿಕೊಂಡಿತು. ಎರಡೇ ಆಸನ, ತೆರೆಯಬಲ್ಲ ಮೇಲ್ಛಾವಣಿ, ಮುಂದೆ ಎಂಜಿನ್, ಹಿಂದಿನ ಚಕ್ರಗಳಿಗೆ ಚಾಲನೆ, ಹಗುರವಾದ ದೇಹ. 2016ರ ಏಪ್ರಿಲ್ ತಿಂಗಳಲ್ಲಿ ಹತ್ತು ಲಕ್ಷದ ಕಾರು ಕಾರ್ಖಾನೆಯಿಂದ ಹೊರಬಂದಿತು. ಅತ್ಯಧಿಕವಾಗಿ ಮಾರಾಟವಾದ ಎರಡಾಸನದ ಸ್ಪೋರ್ಟ್ಸ್ ಕಾರು ಎಂಬ ಗಿನ್ನೆಸ್ ದಾಖಲೆಯೂ ಇದರದೇ. ಸಾಧಾರಣ ಸಂಬಳದವರೂ ಕೊಳ್ಳಬಹುದಾದ, ಮಾಲೀಕರು ತಾವೇ ನೋಡಿಕೊಳ್ಳುವ ರೂಢಿ ಬೆಳೆದಿರುವ ಕಾರಾದ್ದರಿಂದ ನಮ್ಮ ಚರ್ಚೆಗೆ ಇದು ಯೋಗ್ಯವಾಗಿದೆ. ಇದರ ನಾಲ್ಕನೆಯ ತಲೆಮಾರಿನ 2 ಲೀಟರ್ ಎಂಜಿನ್‌ಗೆ ಫಿಲ್ಟರ್ ಬದಲಾವಣೆಯೂ ಸೇರಿ ಸುಮಾರು 4.3 ಲೀಟರ್ ಎಣ್ಣೆ ಬೇಕು. ಅಮೆರಿಕದಲ್ಲಿ ಇದಕ್ಕೆ ಸೂಚಿಸಿರುವ ದರ್ಜೆ 0ಡಬ್ಲ್ಯೂ-20.

ಎಣ್ಣೆಗೂ ಸವಕಳಿ ಉಂಟು

ಎಂಜಿನ್ ಆಯಿಲ್ ಲೋಹದ ಭಾಗಗಳ ನಡುವೆ ತೆಳುವಾದ ಪದರವಾಗಿ ನಿಂತು ಘರ್ಷಣೆಯನ್ನು ತಗ್ಗಿಸುತ್ತದೆ, ಶಾಖವನ್ನು ಹೊತ್ತೊಯ್ಯುತ್ತದೆ, ಮಸಿ ಮತ್ತು ಲೋಹದ ಕಣಗಳನ್ನು ತನ್ನಲ್ಲಿ ಹಿಡಿದಿಟ್ಟು ಫಿಲ್ಟರಿಗೆ ಒಯ್ಯುತ್ತದೆ, ತುಕ್ಕು ಹಿಡಿಯದಂತೆ ಕಾಯುತ್ತದೆ. ಈ ಕೆಲಸಗಳನ್ನು ಮಾಡುತ್ತಲೇ ಅದು ತಾನೂ ಸವೆಯುತ್ತದೆ. ಅದರಲ್ಲಿ ಬೆರೆಸಿರುವ ರಾಸಾಯನಿಕಗಳು ಮುಗಿಯುತ್ತವೆ, ಇಂಧನದ ಅಂಶ ಮತ್ತು ತೇವ ಸೇರಿಕೊಳ್ಳುತ್ತವೆ, ಆಮ್ಲ ಹುಟ್ಟುತ್ತದೆ.

ಸ್ಥಿರಾಸ್ತಿಯ ಸವಕಳಿ ಬಳಕೆಯಿಂದ ಉಂಟಾಗುವಂತೆ ಕಾಲ ಕಳೆದ ಮಾತ್ರಕ್ಕೂ ಉಂಟಾಗುತ್ತದೆ ಎಂಬುದನ್ನು ವಾಚಕರು ಬಲ್ಲರು. ಎಣ್ಣೆಯ ವಿಷಯದಲ್ಲಿಯೂ ಹಾಗೆಯೇ. ಸ್ಪೋರ್ಟ್ಸ್ ಕಾರಿಗೆ ಎರಡೂ ಬಗೆಯ ಸವಕಳಿ ತಾಗುತ್ತದೆ. ವೇಗವಾಗಿ ಓಡಿಸಿದಾಗ ಎಂಜಿನ್ ಹೆಚ್ಚು ಸುತ್ತು ತಿರುಗಿ ಎಣ್ಣೆ ಬಹಳ ಬಿಸಿಯಾಗುತ್ತದೆ. ವಾರವಿಡೀ ಗ್ಯಾರೇಜಿನಲ್ಲಿ ನಿಂತು ಭಾನುವಾರ ಐದಾರು ಮೈಲಿ ಮಾತ್ರ ಓಡಿದರೆ, ಎಣ್ಣೆಯೊಳಗಿನ ತೇವ ಆವಿಯಾಗಿ ಹೋಗುವಷ್ಟು ಬಿಸಿ ಅದಕ್ಕೆ ಸಿಗುವುದೇ ಇಲ್ಲ. ಈ ಕಾರಣದಿಂದಲೇ ತಯಾರಕರು ಇಷ್ಟು ಮೈಲಿ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು ಎಂದು ಬರೆಯುತ್ತಾರೆ. ಕಾರು ಓಡಿಯೇ ಇಲ್ಲವೆಂದು ಬದಲಾವಣೆಯನ್ನು ಮುಂದೂಡುವವರು ಈ ಎರಡನೆಯ ಭಾಗವನ್ನು ಓದಿರುವುದಿಲ್ಲ.

ಬೆಲೆಗಿಂತ ದರ್ಜೆ ಮುಖ್ಯ

0ಡಬ್ಲ್ಯೂ-20 ಎಂಬ ಬರಹದಲ್ಲಿ ಮೊದಲ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನೂ, ಎರಡನೆಯದು ಎಂಜಿನ್ ಕಾದಾಗ ಅದರ ಸಾಂದ್ರತೆ ಎಷ್ಟು ಉಳಿಯುತ್ತದೆ ಎಂಬುದನ್ನೂ ಸೂಚಿಸುತ್ತದೆ. ಇದರೊಂದಿಗೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ನೀಡುವ ಗುಣಮಟ್ಟದ ಸಂಕೇತವೂ ಡಬ್ಬಿಯ ಮೇಲಿರುತ್ತದೆ. ಪೆಟ್ರೋಲ್ ಎಂಜಿನ್‌ಗಳಿಗಾಗಿ 2020ರ ಮೇ ತಿಂಗಳಲ್ಲಿ ಎಸ್‌ಪಿ ಎಂಬ ದರ್ಜೆ ಜಾರಿಗೆ ಬಂದಿತು. ಅಂಗಡಿಯಲ್ಲಿ ಅತ್ಯಂತ ದುಬಾರಿಯಾದ ಡಬ್ಬಿಯೇ ಅತ್ಯುತ್ತಮವೆಂದು ಭಾವಿಸಲಾಗದು. ಕೈಪಿಡಿಯಲ್ಲಿ ಬರೆದಿರುವ ದರ್ಜೆಗೆ ಹೊಂದುವ ಎಣ್ಣೆಯೇ ಆ ಎಂಜಿನ್‌ಗೆ ಉತ್ತಮ.

ಒಂದು ಕಾರಿನ ನಿಯಮ ಇನ್ನೊಂದಕ್ಕೆ ಹೊಂದದು ಎಂಬುದಕ್ಕೆ ಜರ್ಮನಿಯ ಪೋರ್ಷೆ 911 ತಕ್ಕ ನಿದರ್ಶನ. 1998ರವರೆಗೆ ತಯಾರಾದ, ಗಾಳಿಯಿಂದ ತಂಪಾಗುವ 911 ಕಾರುಗಳಲ್ಲಿ ಎಣ್ಣೆಯ ಬಹುಭಾಗ ಎಂಜಿನ್ ಅಡಿಯ ಚೇಂಬರಿನಲ್ಲಿ ನಿಲ್ಲದೆ ಬೇರೊಂದು ಟ್ಯಾಂಕಿನಲ್ಲಿರುತ್ತದೆ. ಅದರ ಪ್ರಮಾಣವೂ ಮಿಯಾಟಾದ ಎರಡು ಪಟ್ಟಿಗಿಂತ ಹೆಚ್ಚು. ಮಿಯಾಟಾದಲ್ಲಿ ಎಂಜಿನ್ ನಿಲ್ಲಿಸಿ ಕೆಲವು ನಿಮಿಷ ಕಾದು ಅಳತೆ ನೋಡಬೇಕು. ಹಳೆಯ 911ರಲ್ಲಿ ಎಂಜಿನ್ ಚೆನ್ನಾಗಿ ಕಾದು, ಸಮತಟ್ಟಾದ ನೆಲದಲ್ಲಿ ನಿಂತು, ಓಡುತ್ತಿರುವಾಗಲೇ ಅಳತೆ ನೋಡಬೇಕು. ತಣ್ಣಗಿರುವಾಗ ನೋಡಿದರೆ ಎಣ್ಣೆ ಕಡಿಮೆಯಾದಂತೆ ತೋರುತ್ತದೆ. ಅದನ್ನು ನಂಬಿ ಇನ್ನಷ್ಟು ಸುರಿದವನು ಹೆಚ್ಚುವರಿ ಎಣ್ಣೆಯನ್ನು ಗಾಳಿಯ ಕೊಳವೆಗೆ ನುಗ್ಗಿಸಿಕೊಳ್ಳುತ್ತಾನೆ. ಆದುದರಿಂದ ಕೈಪಿಡಿಯನ್ನು ಓದುವುದೇ ಈ ಕೆಲಸದ ಮೊದಲ ಹೆಜ್ಜೆ.

ಕೆಲಸದ ಕ್ರಮ

ಸ್ಪೋರ್ಟ್ಸ್ ಕಾರು ನೆಲಕ್ಕೆ ಬಹಳ ಸಮೀಪವಿರುವುದರಿಂದ ಸಾಮಾನ್ಯ ಜಾಕ್ ಅದರ ಅಡಿ ಹೋಗದಿರಬಹುದು. ತಗ್ಗಾದ ಜಾಕ್ ಬೇಕಾಗುತ್ತದೆ, ಇಲ್ಲವೇ ಚಕ್ರಗಳನ್ನು ಮೊದಲು ಮರದ ಹಲಗೆಗಳ ಮೇಲೆ ಹತ್ತಿಸಿಕೊಳ್ಳಬೇಕು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಜಾಕ್ ಇರುವುದು ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕೆ ಸ್ಟ್ಯಾಂಡುಗಳೇ ಬೇಕು. ಸಮತಟ್ಟಾದ ಗಟ್ಟಿ ನೆಲ, ಎಳೆದ ಹ್ಯಾಂಡ್‌ಬ್ರೇಕ್, ನೆಲದಲ್ಲಿ ಉಳಿದ ಚಕ್ರಗಳಿಗೆ ಅಡ್ಡಗಟ್ಟೆ, ತಯಾರಕರು ತೋರಿಸಿದ ಜಾಗಗಳಲ್ಲಿಯೇ ಸ್ಟ್ಯಾಂಡುಗಳು, ಇಷ್ಟಿಲ್ಲದೆ ಕಾರಿನ ಅಡಿಗೆ ಯಾರೂ ತಲೆ ಹಾಕಬಾರದು. ಉಳಿದೆಲ್ಲ ನಷ್ಟಗಳಿಗೂ ಪರಿಹಾರವುಂಟು, ಪ್ರಾಣನಷ್ಟಕ್ಕಿಲ್ಲ.

ಎಂಜಿನನ್ನು ಕೆಲವು ನಿಮಿಷ ಓಡಿಸಿ ಬೆಚ್ಚಗಾಗಿಸಿದರೆ ಎಣ್ಣೆ ತೆಳುವಾಗಿ, ಕೊಳೆಯೊಂದಿಗೆ ಪೂರ್ತಿಯಾಗಿ ಬಸಿಯುತ್ತದೆ. ಸುಡುವಷ್ಟು ಬಿಸಿ ಬೇಡ. ಎಂಜಿನ್ ನಿಲ್ಲಿಸಿ, ಮೇಲಿನ ಎಣ್ಣೆ ಮುಚ್ಚಳವನ್ನು ಸಡಿಲಿಸಿ, ಅಗಲವಾದ ಪಾತ್ರೆಯನ್ನು ಅಡಿಗಿಟ್ಟು ಚೇಂಬರಿನ ಬಿರಡೆಯ ಬೋಲ್ಟನ್ನು ಬಿಚ್ಚಬೇಕು. ಬಸಿಯುವಷ್ಟು ಹೊತ್ತು ಹಳೆಯ ಫಿಲ್ಟರನ್ನು ಕಳಚಬಹುದು. ಅದರ ರಬ್ಬರ್ ಬಳೆ ಅದರೊಂದಿಗೇ ಬಂದಿದೆಯೇ ಎಂಬುದನ್ನು ಕಣ್ಣಾರೆ ನೋಡಿಕೊಳ್ಳಬೇಕು. ಹಳೆಯ ಬಳೆ ಎಂಜಿನ್‌ಗೆ ಅಂಟಿಕೊಂಡಿದ್ದು ಅದರ ಮೇಲೆ ಹೊಸ ಫಿಲ್ಟರ್ ಕೂಡಿಸಿದರೆ, ಎಂಜಿನ್ ಓಡಿದಾಗ ಒತ್ತಡಕ್ಕೆ ಎಣ್ಣೆಯೆಲ್ಲ ಚಿಮ್ಮಿ ಹೋಗುತ್ತದೆ. ಹೊಸ ಫಿಲ್ಟರಿನ ಬಳೆಗೆ ಹೊಸ ಎಣ್ಣೆ ಸವರಿ, ಅದರ ಮೇಲೆ ಸೂಚಿಸಿದಷ್ಟೇ ಕೈಯಿಂದ ಬಿಗಿಯಬೇಕು.

ಬಿರಡೆಯ ವಾಷರನ್ನು ಪ್ರತಿ ಬಾರಿಯೂ ಹೊಸದಾಗಿ ಹಾಕುವುದು ಕ್ಷೇಮ. ಅದು ಒಮ್ಮೆ ಒತ್ತಿ ಚಪ್ಪಟೆಯಾಗುವುದರಿಂದಲೇ ಸೋರಿಕೆಯನ್ನು ತಡೆಯುತ್ತದೆ. ಬೋಲ್ಟನ್ನು ಮೊದಲು ಕೈಯಿಂದ ತಿರುಗಿಸಿ, ಕೊನೆಗೆ ಟಾರ್ಕ್ ಸ್ಪ್ಯಾನರಿನಿಂದ ಕೈಪಿಡಿ ಹೇಳಿದಷ್ಟೇ ಬಿಗಿಯತಕ್ಕದ್ದು. ಎಷ್ಟೋ ಎಂಜಿನ್‌ಗಳ ಚೇಂಬರ್ ಅಲ್ಯುಮಿನಿಯಂನದು, ಬಲ ಹೆಚ್ಚಾದರೆ ಮರೆ ಹಾಳಾಗುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆ ಈ ವಾಷರಿಗೂ ಬೋಲ್ಟಿಗೂ ಚೆನ್ನಾಗಿ ಒಪ್ಪುತ್ತದೆ.

ಬಳಿಕ ಸೂಚಿತ ಪ್ರಮಾಣಕ್ಕಿಂತ ತುಸು ಕಡಿಮೆ ಎಣ್ಣೆ ಹಾಕಿ, ಎಂಜಿನನ್ನು ಒಂದು ನಿಮಿಷ ಓಡಿಸಿ, ಎಣ್ಣೆಯ ಒತ್ತಡದ ದೀಪ ಆರಿತೇ, ಅಡಿಯಲ್ಲಿ ಎಲ್ಲಿಯಾದರೂ ಹನಿಯುತ್ತಿದೆಯೇ ಎಂದು ನೋಡಬೇಕು. ಕಾರನ್ನು ಇಳಿಸಿ, ಸಮತಟ್ಟಾದ ನೆಲದಲ್ಲಿ ಕೆಲವು ನಿಮಿಷ ಕಾದು, ಅಳತೆ ಕಡ್ಡಿಯ ಮೇಲಿನ ಗುರುತಿನವರೆಗೆ ಉಳಿದುದನ್ನು ತುಂಬಬೇಕು. ಅಳತೆ ಮೀರಿದರೂ ಹಾನಿಯೇ. ತಿರುಗುವ ಭಾಗಗಳು ಎಣ್ಣೆಯನ್ನು ಕಡೆದು ನೊರೆಯೆಬ್ಬಿಸುತ್ತವೆ, ನೊರೆಗೆ ರಕ್ಷಿಸುವ ಶಕ್ತಿಯಿಲ್ಲ.

ಲಾಭನಷ್ಟದ ಲೆಕ್ಕ

ಈಗ ನಮ್ಮ ಮೂಲ ಪ್ರಶ್ನೆಗೆ ಬರೋಣ. ಮುಂದಿನ ಅಂಕಿಗಳನ್ನು ಲೆಕ್ಕದ ರೀತಿಯನ್ನು ತೋರಿಸಲೆಂದು ಇಟ್ಟುಕೊಂಡಿದ್ದೇನೆ. ವಾಚಕರು ತಮ್ಮ ಊರಿನ ದರಗಳನ್ನು ಇದೇ ಚೌಕಟ್ಟಿನಲ್ಲಿ ಹಾಕಿ ನೋಡಬಹುದು.

ವರ್ಕ್‌ಶಾಪಿನಲ್ಲಿ ಒಂದು ಬದಲಾವಣೆಯ ವೆಚ್ಚ: 110 ಡಾಲರ್
ಮನೆಯಲ್ಲಿ ಎಣ್ಣೆ 32, ಫಿಲ್ಟರ್ 10, ವಾಷರ್ ಹಾಗೂ ಕೈಗವಸು 3: ಒಟ್ಟು 45 ಡಾಲರ್
ಒಂದು ಬಾರಿಯ ಉಳಿತಾಯ: 65 ಡಾಲರ್
ಉಪಕರಣಗಳು (ತಗ್ಗು ಜಾಕ್ 140, ಸ್ಟ್ಯಾಂಡುಗಳು 50, ಸ್ಪ್ಯಾನರುಗಳು 50, ಪಾತ್ರೆ ಹಾಗೂ ಆಲಿಕೆ 20): ಒಟ್ಟು 260 ಡಾಲರ್

260ನ್ನು 65ರಿಂದ ಭಾಗಿಸಿದರೆ ನಾಲ್ಕು ಬಾರಿಯ ಬದಲಾವಣೆಯ ಬಳಿಕ ಬಂಡವಾಳ ಮರಳುತ್ತದೆ. ವಾರಾಂತ್ಯದ ಕಾರಿಗೆ ವರ್ಷಕ್ಕೊಂದೇ ಬದಲಾವಣೆಯೆಂದರೆ ನಾಲ್ಕು ವರ್ಷ ಬೇಕು. ಐದನೆಯ ವರ್ಷದಿಂದ ಎರಡು ಗಂಟೆಯ ಶ್ರಮಕ್ಕೆ ಮತ್ತು ಹಳೆಯ ಎಣ್ಣೆಯನ್ನು ಒಪ್ಪಿಸಿ ಬರುವ ತಿರುಗಾಟಕ್ಕೆ 65 ಡಾಲರ್ ದೊರೆಯುತ್ತದೆ. ಎದುರು ಪಕ್ಕದಲ್ಲಿ ಬೋಲ್ಟು ಸಡಿಲವಾಗಿ ಎಣ್ಣೆ ಸೋರಿ ಎಂಜಿನ್ ಕಚ್ಚಿಕೊಂಡರೆ ನಷ್ಟ ಹಲವು ಸಾವಿರ ಡಾಲರ್. ಕೇವಲ ಕೂಲಿ ಉಳಿಸಲೆಂದು ಈ ಕೆಲಸಕ್ಕೆ ಕೈ ಹಾಕುವವನಿಗೆ ಲಾಭ ಅಲ್ಪ, ಅಪಾಯ ಅಧಿಕ ಎಂದು ನಾನು ಹೇಳಬೇಕಾಗುತ್ತದೆ.

ಹಾಗಿದ್ದರೂ ಬಲ್ಲವರು ಇದನ್ನೇಕೆ ಮಾಡುತ್ತಾರೆ? ನಗದು ಪುಸ್ತಕದಲ್ಲಿ ಕಾಣದ ಪ್ರಯೋಜನಗಳು ಇದರಲ್ಲಿವೆ. ಯಾವ ದರ್ಜೆಯ ಎಣ್ಣೆ ಒಳಗೆ ಹೋಯಿತು, ಫಿಲ್ಟರ್ ನಿಜವಾಗಿಯೂ ಬದಲಾಯಿತೇ ಎಂಬುದು ಮಾಲೀಕನಿಗೆ ಸಂಶಯವಿಲ್ಲದೆ ತಿಳಿದಿರುತ್ತದೆ. ವರ್ಷಕ್ಕೊಮ್ಮೆಯಾದರೂ ಕಾರಿನ ಅಡಿಭಾಗವನ್ನು ಅವನು ನೋಡಿದಂತಾಗುತ್ತದೆ. ಟೈರಿನ ಒಳ ಅಂಚಿನ ಸವೆತ, ಬಿರುಕು ಬಿಟ್ಟ ರಬ್ಬರು, ತೆಳುವಾದ ಬ್ರೇಕ್ ಪ್ಯಾಡು ಮೊದಲೇ ಕಣ್ಣಿಗೆ ಬೀಳುತ್ತವೆ. ಹಳೆಯ ಎಣ್ಣೆಯ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ಅದರಲ್ಲಿರುವ ಲೋಹದ ಅಂಶಗಳಿಂದ ಎಂಜಿನ್ ಒಳಗಿನ ಸವೆತವನ್ನು ಅಂದಾಜು ಮಾಡಿಸುವವರೂ ಇದ್ದಾರೆ. ನಮ್ಮ ವೃತ್ತಿಯ ಭಾಷೆಯಲ್ಲಿ ಇದು ಆಂತರಿಕ ಪರಿಶೋಧನೆ.

ವಾರಂಟಿ ಮತ್ತು ವೋಚರು

ಸ್ವತಃ ಎಣ್ಣೆ ಬದಲಿಸಿದರೆ ವಾರಂಟಿ ರದ್ದಾಗುತ್ತದೆಯೇ? ಅಮೆರಿಕದಲ್ಲಿ ಈ ಪ್ರಶ್ನೆಗೆ 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯಿದೆ ಉತ್ತರಿಸುತ್ತದೆ. ತಯಾರಕನು ತನ್ನದೇ ಬಿಡಿಭಾಗ ಅಥವಾ ತನ್ನದೇ ವರ್ಕ್‌ಶಾಪಿನ ಸೇವೆಯನ್ನು ಹಣ ಕೊಟ್ಟು ಪಡೆದರೆ ಮಾತ್ರ ವಾರಂಟಿ ಉಂಟು ಎಂದು ಷರತ್ತು ಹಾಕುವುದನ್ನು ಅದು ಸಾಮಾನ್ಯವಾಗಿ ನಿಷೇಧಿಸುತ್ತದೆ. ಬೇರೆಯವರು ಅಥವಾ ಮಾಲೀಕನೇ ಮಾಡಿದ ಕೆಲಸದಿಂದಲೇ ಹಾನಿಯಾಯಿತೆಂದು ತಯಾರಕನು ತೋರಿಸಿಕೊಟ್ಟಲ್ಲಿ ಆ ಹಾನಿಯ ಮಟ್ಟಿಗೆ ವಾರಂಟಿಯನ್ನು ನಿರಾಕರಿಸಬಹುದು. ಬಿಎಂಡಬ್ಲ್ಯೂ ಸಂಸ್ಥೆಯ ಮಿನಿ ವಿಭಾಗವು ಇಂತಹ ಷರತ್ತು ಹಾಕಿತ್ತೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿ, 2015ರಲ್ಲಿ ಆ ಪ್ರಕರಣ ರಾಜಿಯಲ್ಲಿ ಇತ್ಯರ್ಥವಾಯಿತು.

ಕಾನೂನು ಹಕ್ಕನ್ನು ಕೊಡುತ್ತದೆ, ದಾಖಲೆಯನ್ನು ಮಾಲೀಕನೇ ಇಟ್ಟುಕೊಳ್ಳಬೇಕು. ಎಂಜಿನ್ ಕೆಟ್ಟಾಗ ತಯಾರಕನು ಕೇಳುವ ಮೊದಲ ಪ್ರಶ್ನೆಯೇ ಎಣ್ಣೆಯನ್ನು ಯಾವಾಗ ಬದಲಿಸಲಾಯಿತು ಎಂಬುದು. ವರ್ಕ್‌ಶಾಪಿನಲ್ಲಿ ಮಾಡಿಸಿದವನ ಬಳಿ ಬಿಲ್ಲು ಇರುತ್ತದೆ. ಮನೆಯಲ್ಲಿ ಮಾಡಿದವನು ತಾನೇ ತನ್ನ ವೋಚರನ್ನು ಸಿದ್ಧಪಡಿಸಬೇಕು. ದಿನಾಂಕ, ಮೈಲಿಗಳ ಓದು, ಎಣ್ಣೆಯ ಹೆಸರು, ದರ್ಜೆ ಮತ್ತು ಪ್ರಮಾಣ, ಫಿಲ್ಟರಿನ ಸಂಖ್ಯೆ, ಕೊಂಡ ರಸೀದಿ, ಮೈಲಿ ಸೂಚಕದ ಒಂದು ಛಾಯಾಚಿತ್ರ, ಹಳೆಯ ಎಣ್ಣೆಯನ್ನು ಒಪ್ಪಿಸಿದ ಸ್ಥಳ, ಇವಿಷ್ಟು ಒಂದು ಕಡತದಲ್ಲಿದ್ದರೆ ಸಾಕು. ಹೀಗೆ ಕ್ರಮವಾಗಿ ಇಟ್ಟ ಕಡತ ಕಾರನ್ನು ಮಾರುವ ದಿನವೂ ಕೈ ಹಿಡಿಯುತ್ತದೆ. ಸ್ಪೋರ್ಟ್ಸ್ ಕಾರು ಕೊಳ್ಳುವವನು ಹೊಳೆಯುವ ಬಣ್ಣಕ್ಕಿಂತ ಈ ಕಡತವನ್ನು ಹೆಚ್ಚು ನಂಬುತ್ತಾನೆ.

ನಮ್ಮ ದೇಶದಲ್ಲಿ ಅಂತಹ ಪ್ರತ್ಯೇಕ ವಾರಂಟಿ ಕಾಯಿದೆ ಇಲ್ಲ. ಆದರೆ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿದ್ದನ್ನು ಸದಸ್ಯರು ನೆನಪಿಸಿಕೊಳ್ಳಬಹುದು. ಮೂಲ ಬಿಡಿಭಾಗಗಳನ್ನೂ ತಪಾಸಣೆಯ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ತಡೆದದ್ದು ಅವುಗಳ ಮೇಲಿದ್ದ ಮುಖ್ಯ ಆಕ್ಷೇಪ. ಸ್ವತಂತ್ರ ಗ್ಯಾರೇಜಿನಲ್ಲಿ ಕೆಲಸ ಮಾಡಿಸಿದರೆ ವಾರಂಟಿ ಹೋಗುತ್ತದೆಂಬ ಷರತ್ತೂ ಅಂದು ಚರ್ಚೆಗೆ ಬಂದಿತ್ತು. 2016ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಧಿಕರಣವು ಕೆಲವು ಕಂಪನಿಗಳ ದಂಡವನ್ನು ತಗ್ಗಿಸಿತಾದರೂ ಆಯೋಗದ ಮೂಲ ನಿಲುವನ್ನು ಎತ್ತಿಹಿಡಿಯಿತು. ಇಲ್ಲಿ ವಾಹನ ಕೊಳ್ಳುವವರು ವಾರಂಟಿ ಪುಸ್ತಕದ ಷರತ್ತುಗಳನ್ನು ಓದಿದ ಬಳಿಕವೇ ಸ್ಪ್ಯಾನರ್ ಹಿಡಿಯುವುದು ವಿವೇಕ.

ಬಸಿದ ಎಣ್ಣೆ ಯಾರ ಪಾಲು?

ಲೆಕ್ಕದಲ್ಲಿ ಎಲ್ಲರೂ ಮರೆಯುವ ಬಾಬತ್ತು ಇದು. ಒಂದು ಬಾರಿ ಬಸಿದ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತದೆ. ನಮ್ಮ ಅಳತೆಯಲ್ಲಿ ಅದು ಸುಮಾರು 38 ಲಕ್ಷ ಲೀಟರ್. ಅದೇ ಎಣ್ಣೆಗೆ ಬೆಲೆಯೂ ಉಂಟು. ಒಂದು ಗ್ಯಾಲನ್ ಹಳೆಯ ಎಣ್ಣೆಯನ್ನು ಮರುಶುದ್ಧಿ ಮಾಡಿದರೆ ಎರಡೂವರೆ ಕ್ವಾರ್ಟ್, ಅಂದರೆ ಸುಮಾರು 2.4 ಲೀಟರ್, ಹೊಸ ಎಣ್ಣೆ ದೊರೆಯುತ್ತದೆ. ಅಷ್ಟನ್ನೇ ಕಚ್ಚಾತೈಲದಿಂದ ಪಡೆಯಲು 42 ಗ್ಯಾಲನ್ ಬೇಕೆಂದು ಅದೇ ಸಂಸ್ಥೆ ಹೇಳುತ್ತದೆ.

ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಎಣ್ಣೆಯ ತಯಾರಕರಿಂದ ಶುಲ್ಕ ಸಂಗ್ರಹಿಸಿ, ಜನರಿಂದ ಹಳೆಯ ಎಣ್ಣೆ ಸ್ವೀಕರಿಸುವ ಕೇಂದ್ರಗಳಿಗೆ ಪ್ರೋತ್ಸಾಹಧನ ನೀಡುವ ವ್ಯವಸ್ಥೆ ಇದೆ. ಅನೇಕ ಬಿಡಿಭಾಗಗಳ ಅಂಗಡಿಗಳು ಹಳೆಯ ಎಣ್ಣೆಯನ್ನು ಶುಲ್ಕವಿಲ್ಲದೆ ಪಡೆಯುತ್ತವೆ. ಮಾಲೀಕನು ಮಾಡಬೇಕಾದದ್ದು ಇಷ್ಟೇ: ಎಣ್ಣೆಯನ್ನು ಮುಚ್ಚಳ ಭದ್ರವಾಗಿರುವ ಡಬ್ಬಿಗೆ ತುಂಬಬೇಕು, ಅದಕ್ಕೆ ಪೆಟ್ರೋಲಾಗಲಿ, ಕೂಲೆಂಟಾಗಲಿ, ಬ್ರೇಕ್ ಎಣ್ಣೆಯಾಗಲಿ ಬೆರೆಸಬಾರದು, ಹಳೆಯ ಫಿಲ್ಟರನ್ನು ರಾತ್ರಿಯಿಡೀ ಬಸಿಯಲು ಬಿಟ್ಟು ಎರಡನ್ನೂ ಒಪ್ಪಿಸಬೇಕು. ಅಲ್ಲಿ ಮನೆಯಲ್ಲಿ ಎಣ್ಣೆ ಬದಲಿಸುವ ರೂಢಿ ಸಲೀಸಾಗಿ ನಡೆದಿರುವುದಕ್ಕೆ ಈ ವ್ಯವಸ್ಥೆಯೇ ಒಂದು ಆಧಾರ.

ನಮ್ಮ ಸದಸ್ಯರಿಗೆ

ನಮ್ಮಲ್ಲಿ ಸ್ಪೋರ್ಟ್ಸ್ ಕಾರು ಇರುವವರು ಕೆಲವರೇ. ಆದರೆ ಜನರೇಟರ್, ಸರಕು ಸಾಗಿಸುವ ವ್ಯಾನು, ಕಂಪ್ರೆಸರ್ ಇಲ್ಲದ ಸಣ್ಣ ಕಾರ್ಖಾನೆ ವಿರಳ. ಅವುಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಕೈಪಿಡಿ ಹೇಳಿದ ದರ್ಜೆ, ಗಂಟೆ ಅಥವಾ ತಿಂಗಳುಗಳ ಅವಧಿ, ಹೊಸ ವಾಷರು, ಬದಲಾವಣೆಯ ಪುಸ್ತಕ, ಇವು ಯಂತ್ರ ಯಾವುದೇ ಆದರೂ ಬದಲಾಗವು.

ಹಳೆಯ ಎಣ್ಣೆಯ ವಿಷಯದಲ್ಲಿ ಉದ್ಯಮಿಯ ಹೊಣೆ ಗೃಹಸ್ಥನದಕ್ಕಿಂತ ದೊಡ್ಡದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯವಾಗಿದ್ದು, ಅದನ್ನು ಅಧಿಕೃತ ಮರುಬಳಕೆದಾರರಿಗೇ ಕೊಡಬೇಕು. ನಮೂನೆ 3ರಲ್ಲಿ ದಾಖಲೆ, ನಮೂನೆ 10ರಲ್ಲಿ ಸಾಗಣೆಯ ಪತ್ರ, ನಮೂನೆ 4ರಲ್ಲಿ ಜೂನ್ 30ರೊಳಗೆ ವಾರ್ಷಿಕ ವರದಿ, ಇವು ನಿಯಮಗಳಲ್ಲಿ ಸೂಚಿತವಾಗಿವೆ. 2023ರ ತಿದ್ದುಪಡಿಯ ಮೂಲಕ 2024ರ ಏಪ್ರಿಲ್ 1ರಿಂದ ಎಣ್ಣೆಯ ತಯಾರಕರು ಮತ್ತು ಆಮದುದಾರರ ಮೇಲೆಯೂ ಮರುಬಳಕೆಯ ಹೊಣೆಯನ್ನು ಹೊರಿಸಲಾಗಿದೆ. ಯಾವ ರಸೀದಿಯೂ ಇಲ್ಲದೆ ಹಿಂಬಾಗಿಲಿನಲ್ಲಿ ಪೀಪಾಯಿ ಲೆಕ್ಕಕ್ಕೆ ಹಳೆಯ ಎಣ್ಣೆ ಮಾರುವವರು ಸಿಗುವ ನಾಲ್ಕು ಕಾಸಿಗಾಗಿ ತಮ್ಮ ಪರವಾನಗಿಯನ್ನೇ ಪಣಕ್ಕಿಡುತ್ತಿದ್ದಾರೆ.

ಆದುದರಿಂದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಅಂಗಡಿ ಅಥವಾ ಕಾರ್ಖಾನೆಯ ಪ್ರತಿಯೊಂದು ಎಂಜಿನ್‌ಗೂ ಇದೇ ತಿಂಗಳು ಒಂದು ಪುಟ ತೆರೆಯಿರಿ. ಕಳೆದ ಬಾರಿ ಎಣ್ಣೆ ಬದಲಿಸಿದ ದಿನ, ಹಾಕಿದ ದರ್ಜೆ, ಹಳೆಯ ಎಣ್ಣೆ ಹೋದ ಸ್ಥಳ, ಈ ಮೂರನ್ನು ಬರೆಯಲು ಪ್ರಯತ್ನಿಸಿರಿ. ಮೂರಕ್ಕೂ ಉತ್ತರ ಬರೆಯಬಲ್ಲವರು ಕೆಲಸವನ್ನು ಸ್ವತಃ ಮಾಡಿಕೊಂಡರೂ ಸರಿ, ಹೊರಗೆ ಮಾಡಿಸಿದರೂ ಸರಿ. ಒಂದಕ್ಕೂ ಉತ್ತರ ಬರೆಯಲಾಗದಿದ್ದವರು ಮಾತ್ರ ಮೊದಲು ಪುಸ್ತಕವನ್ನು ಸರಿಪಡಿಸಿಕೊಂಡು, ಆನಂತರ ಸ್ಪ್ಯಾನರ್ ಕೊಳ್ಳುವ ವಿಚಾರ ಮಾಡುವುದು ಒಳ್ಳೆಯದು.